ಕೆಂಪು ನೆಲದಿಂದ ಶುರುವಾದ ಆಕ್ಸೈಡ್ ಪಾಠ

ಮಂಡ್ಯದ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಮೊದಮೊದಲು ಆಕ್ಸೈಡ್ ಅಂದರೆ ಏನು ಅಂತ ಬೋರ್ಡಿನ ಮೇಲೆ ಬರೆದು, ಮಕ್ಕಳ ಕೈಲಿ ಬಾಯಿಪಾಠ ಮಾಡಿಸುತ್ತಿದ್ದೆ. ಪರೀಕ್ಷೆ ಮುಗಿದ ಮೇಲೆ ಯಾರಿಗೂ ನೆನಪಿರುತ್ತಿರಲಿಲ್ಲ.

ಒಂದು ವರ್ಷ ಬೇರೆ ಥರ ಶುರು ಮಾಡಿದೆ. "ಯಾರ ಮನೇಲಿ ರೆಡ್ ಆಕ್ಸೈಡ್ ನೆಲ ಇದೆ?" ಅಂತ ಕೇಳಿದೆ. ಅರ್ಧ ಕ್ಲಾಸು ಕೈ ಎತ್ತಿತು. ಗಾರೆ ಕೆಲಸದವರ ಬಾಯಲ್ಲಿ ಈ ಪದ ಯಾವಾಗಲೂ ಇರುತ್ತದೆ, ಅಲ್ವಾ? ಸಿಮೆಂಟಿಗೆ ಕಲಸುವ ಆ ಕೆಂಪು ಪುಡಿ ಕಬ್ಬಿಣದ ಆಕ್ಸೈಡ್. ಕಬ್ಬಿಣಕ್ಕೆ ಆಮ್ಲಜನಕ ಸೇರಿ ಆದದ್ದು. ತುಕ್ಕು ಅದರ ಹತ್ತಿರದ ನೆಂಟ. ಅದರಲ್ಲಿ ನೀರೂ ಸೇರಿರುತ್ತದೆ.

"ಸಕ್ಕರೇಲೂ ಆಮ್ಲಜನಕ ಇದೆಯಲ್ಲ ಸಾರ್, ಅದೂ ಆಕ್ಸೈಡಾ?" ಕಬ್ಬು ಬೆಳೆಯುವವರ ಮನೆಯ ಹುಡುಗಿ ಕೇಳಿದಳು. ಎಷ್ಟು ಒಳ್ಳೇ ಪ್ರಶ್ನೆ! ಎಲ್ಲರೂ ಎಡವುವುದು ಇಲ್ಲೇ. ಸಕ್ಕರೆಯಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಮೂರೂ ಇವೆ. ಆಕ್ಸೈಡಿನಲ್ಲಿ ಆಮ್ಲಜನಕದ ಜೊತೆ ಇರುವುದು ಇನ್ನೊಂದೇ ಧಾತು. ಆದರೆ ಸಕ್ಕರೆ ಬೆಳ್ಳಗಾಗಲು ಆಕ್ಸೈಡ್ ಬಳಸುವುದುಂಟು. ಹಲವು ಕಾರ್ಖಾನೆಗಳಲ್ಲಿ ಗಂಧಕ ಸುಟ್ಟು, ಆ ಸಲ್ಫರ್ ಡೈಆಕ್ಸೈಡನ್ನು ಕಬ್ಬಿನ ಹಾಲಿಗೆ ಹಾಯಿಸುತ್ತಾರೆ. ಸುಣ್ಣವನ್ನೂ ಹಾಕುತ್ತಾರೆ.

ಮಾರನೇ ದಿನ ಸುಟ್ಟ ಸುಣ್ಣದ ಕಲ್ಲು ತಂದೆ. ಅದು ಕ್ಯಾಲ್ಸಿಯಂ ಆಕ್ಸೈಡ್. ಮಕ್ಕಳನ್ನು ದೂರ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ನಾನೇ ನೀರು ಹಾಕಿದೆ. ಕಣ್ಣಿಗೆ ಸಿಡಿದರೆ ತುಂಬಾ ಅಪಾಯ. ಬುಸುಗುಟ್ಟಿ, ಹಬೆ ಎದ್ದು, ಕಲ್ಲು ಹಿಟ್ಟಾಯಿತು. ಈಗ ಅದು ಆಕ್ಸೈಡ್ ಅಲ್ಲ, ಹೈಡ್ರಾಕ್ಸೈಡ್. ಜಲಜನಕವೂ ಒಳಗೆ ಬಂತಲ್ಲ! ತಣ್ಣಗಾದ ಮೇಲೆ, ಆಮ್ಲ-ಕ್ಷಾರ ಗುರುತಿಸುವ ಲಿಟ್ಮಸ್ ಕಾಗದ ತಂದು, ಕೆಂಪು ಲಿಟ್ಮಸ್ಸನ್ನು ಒದ್ದೆ ಮಾಡಿ ಅದ್ದಿದೆ, ನೀಲಿಯಾಯಿತು, ಅಂದರೆ ಕ್ಷಾರ. ಗಂಧಕದ ಹೊಗೆ ಒದ್ದೆ ನೀಲಿ ಲಿಟ್ಮಸ್ಸನ್ನು ಕೆಂಪು ಮಾಡುತ್ತದೆ, ಅಂದರೆ ಆಮ್ಲ. ಎರಡೂ ಆಕ್ಸೈಡಿನಿಂದಲೇ, ಗುಣ ಮಾತ್ರ ತದ್ವಿರುದ್ಧ.

ಆಕ್ಸೈಡ್ ಅನ್ನೋ ಪದ ಬಂದದ್ದು 1787ರಲ್ಲಿ, ಫ್ರಾನ್ಸಿನ ಲಾವಾಸಿಯೆ ಮತ್ತು ಜೊತೆಗಾರರು ರಸಾಯನಶಾಸ್ತ್ರಕ್ಕೆ ಹೊಸ ಹೆಸರುಗಳನ್ನು ಕಟ್ಟಿದಾಗ. ಎಲ್ಲ ಆಮ್ಲಗಳಲ್ಲೂ ಆಮ್ಲಜನಕ ಇದೆ ಅಂತ ಲಾವಾಸಿಯೆ ನಂಬಿದ್ದ. ಅದು ತಪ್ಪಾಗಿತ್ತು. ನಮ್ಮ 'ಆಮ್ಲಜನಕ' (ಆಮ್ಲ ಹುಟ್ಟಿಸುವುದು) ಅನ್ನೋ ಹೆಸರಲ್ಲೂ ಆ ನಂಬಿಕೆ ಹಾಗೇ ಉಳಿದಿದೆ.

ಗಂಟೆ ಹೊಡೆಯಿತು. ಸಕ್ಕರೆಯ ಹುಡುಗಿ ಮಾತ್ರ ಬಾಗಿಲಲ್ಲಿ ನಿಂತಳು. "ಸಾರ್, ನೀರಲ್ಲಿ ಎರಡೇ ಇರೋದಲ್ವಾ?"

"ಹೌದಮ್ಮಾ," ಅಂದೆ. "ನೀರೂ ಆಕ್ಸೈಡೇ. ಜಲಜನಕದ್ದು."