ಪಾರ್ಶ್ವವಾಯುವಾದ ಕಿವುಡರ ಸನ್ನೆ ಭಾಷೆಯನ್ನು ವಿಡಿಯೊ ಮಾಡುವ ಕ್ರಮ

ಸನ್ನೆ ಭಾಷೆ ಬಳಸುವ ಕಿವುಡರಿಗೆ ಲಕ್ವ ಹೊಡೆದರೆ, ‘ಕೈ ಬಿದ್ದುಹೋಯ್ತು, ಅದಕ್ಕೇ ಸನ್ನೆ ಬರ್ತಿಲ್ಲ’ ಎಂದು ಮನೆಯವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಕೈ ಸೋಲುವುದು ಬೇರೆ, ಭಾಷೆ ಕೆಡುವುದು ಬೇರೆ. ಅಮೆರಿಕದ ಸಾಲ್ಕ್ ಸಂಸ್ಥೆಯ ಉರ್ಸುಲಾ ಬೆಲ್ಲೂಗಿ ಮತ್ತು ಸಂಗಡಿಗರು 1987ರ ಪುಸ್ತಕದಲ್ಲಿ ಇದನ್ನು ಬಿಡಿಸಿ ತೋರಿಸಿದರು: ಎಡ ಮಿದುಳಿಗೆ ಪೆಟ್ಟಾದವರಲ್ಲಿ ಸನ್ನೆ ಭಾಷೆಯೇ ಕೆಡುತ್ತದೆ, ಬಲ ಮಿದುಳಿಗೆ ಪೆಟ್ಟಾದವರು ಚಿತ್ರ ಬಿಡಿಸಲು ಒದ್ದಾಡಿದರೂ ಸನ್ನೆ ಸರಾಗವಾಗಿರುತ್ತದೆ. ಯಾವುದು ಕೆಟ್ಟಿದೆ ಎಂದು ತಿಳಿಯಲು ವಿಡಿಯೊ ಬೇಕು. ಹಾಸನದ ವಾರ್ಡಿನಲ್ಲೋ ಸಕಲೇಶಪುರದ ಮನೆಯಲ್ಲೋ ಫೋನಿನಲ್ಲೇ ಮಾಡಬಹುದು.

ಮೊದಲ ಗಂಟೆಗಳು ಚಿಕಿತ್ಸೆಗೇ ಮೀಸಲು. ಸ್ಥಿತಿ ಸ್ಥಿರವಾಗಿದೆ ಎಂದು ವೈದ್ಯರು ಹೇಳಿದ ಮೇಲೆ, ವಿಡಿಯೊ ಯಾಕೆ ಎಂಬುದನ್ನು ಸನ್ನೆಯಲ್ಲೇ ವಿವರಿಸಿ ರೋಗಿಯ ಒಪ್ಪಿಗೆ ಪಡೆಯಿರಿ. ಚೆನ್ನಾಗಿರುವ ಕೈಗೆ ಡ್ರಿಪ್ ಹಾಕಬೇಡಿ ಎಂದು ನರ್ಸ್‌ಗೆ ಮೊದಲೇ ಕೇಳಿಕೊಳ್ಳಿ. ಆ ಕೈಯನ್ನು ಕಟ್ಟಿಹಾಕಿದರೆ ಬಾಯಿ ಮುಚ್ಚಿಸಿದ ಹಾಗೆ.

ಫೋನನ್ನು ಸುಮಾರು ಎರಡು ಮೀಟರ್ ದೂರದಲ್ಲಿ, ಎದೆಯ ಎತ್ತರಕ್ಕೆ, ಅಡ್ಡಲಾಗಿ ನಿಲ್ಲಿಸಿ. ತಲೆಯ ಮೇಲೆ ಒಂದು ಗೇಣು, ಕೆಳಗೆ ಸೊಂಟ, ಪಕ್ಕಕ್ಕೆ ಚಾಚಿದ ಮೊಣಕೈ ಕಾಣಬೇಕು. ಮಾಸ್ಕ್ ತೆಗೆಸಿ: ಹುಬ್ಬು, ತುಟಿ, ಕಣ್ಣಿನ ಚಲನೆಯೂ ವ್ಯಾಕರಣವೇ. ಬೆಳಕು ಕಿಟಕಿಯಿಂದ ಮುಖದ ಮೇಲೆ ಬೀಳಲಿ, ಬೆನ್ನ ಹಿಂದಿನಿಂದ ಬೇಡ. ಮಳೆಗಾಲದ ಮಲೆನಾಡಿನ ಮನೆಗಳಲ್ಲಿ ಟ್ಯೂಬ್‌ಲೈಟ್ ಹಾಕಲೇಬೇಕಾಗುತ್ತದೆ. ಆಗ ಕ್ಯಾಮೆರಾದ ಶಟರ್ ವೇಗ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/100 ಸೆಕೆಂಡಿಗೆ ಇಡಿ, ಇಲ್ಲವಾದರೆ ನಮ್ಮ 50 ಹರ್ಟ್ಜ್ ಕರೆಂಟಿಗೆ ಚಿತ್ರ ಮಿನುಗುತ್ತದೆ. ಹಗಲು ಬೆಳಕಿದ್ದರೆ 1/250. ಸೆಕೆಂಡಿಗೆ 50 ಫ್ರೇಮ್ ಸಿಕ್ಕರೆ ಒಳ್ಳೆಯದು. ಬೆರಳುಗಳ ಆಕಾರ ಮಸುಕಾದರೆ ದೋಷ ರೋಗಿಯದೋ ಕ್ಯಾಮೆರಾದ್ದೋ ಗೊತ್ತಾಗುವುದಿಲ್ಲ.

ಸೆಲ್ಫಿ ಕ್ಯಾಮೆರಾ ಬಳಸಲೇಬೇಡಿ. ಹಲವು ಫೋನ್‌ಗಳು ಎಡ-ಬಲ ತಿರುಗಿಸಿ ಉಳಿಸುತ್ತವೆ, ಇಡೀ ತೀರ್ಮಾನವೇ ತಲೆಕೆಳಗಾಗುತ್ತದೆ. ಶುರುವಿನಲ್ಲಿ ದಿನಾಂಕ ಬರೆದ ಹಾಳೆ ತೋರಿಸಿ. ಅಕ್ಷರ ನೇರವಾಗಿದ್ದರೆ ವಿಡಿಯೊ ಸರಿ.

ಮಾತನಾಡಿಸುವವರು ಸನ್ನೆ ಭಾಷೆ ಚೆನ್ನಾಗಿ ಬಲ್ಲ ಕಿವುಡರೇ ಆಗಿರಲಿ. ಕಿವಿ ಕೇಳಿಸುವವರು ಕೂತರೆ ರೋಗಿ ಅವರಿಗೆ ಅರ್ಥವಾಗುವಂತೆ ಅಭಿನಯಕ್ಕೆ ಇಳಿಯುತ್ತಾರೆ. ಮೊದಲು ಮನೆಯ ಸಂಗತಿ ಹರಟಲಿ, ಆಮೇಲೆ ಬಾಚಣಿಗೆ, ಬೀಗದ ಕೈ, ಲೋಟ ತೋರಿಸಿ ಹೆಸರು ಕೇಳಿ, ನಂತರ ಅವುಗಳನ್ನು ಬಳಸುವ ರೀತಿ ಅಭಿನಯಿಸಲು ಹೇಳಿ. ತಲೆ ಬಾಚುವ ಅಭಿನಯ ಬಂದು ಬಾಚಣಿಗೆಯ ಸನ್ನೆ ಬಾರದಿದ್ದರೆ ಅದು ಭಾಷೆಯ ತೊಂದರೆಯ ಗುರುತು. ‘ಪೆನ್ನನ್ನು ಪುಸ್ತಕದ ಮೇಲಿಡಿ’ ಎಂಬಂಥ ಸೂಚನೆ ಕೊಟ್ಟು ಗ್ರಹಿಕೆಯನ್ನೂ ನೋಡಿ.

ಕೊನೆಗೆ ಅವರ ಕೋಣೆಯ ವರ್ಣನೆ ಕೇಳಿ. ಬಲ ಮಿದುಳಿಗೆ ಪೆಟ್ಟಾದ ಒಬ್ಬ ಮಹಿಳೆ ಸನ್ನೆಯಲ್ಲಿ ಕೋಣೆ ವರ್ಣಿಸುವಾಗ ಸಾಮಾನನ್ನೆಲ್ಲ ಬಲಗಡೆಗೇ ಒಟ್ಟಿ ಎಡಭಾಗ ಖಾಲಿ ಬಿಟ್ಟದ್ದು ಬೆಲ್ಲೂಗಿ ತಂಡದ ದಾಖಲೆಯಲ್ಲಿದೆ. ಅದೇ ಮಹಿಳೆ ವಾಕ್ಯದ ವ್ಯಾಕರಣಕ್ಕೆ, ಅಂದರೆ ಯಾರು ಯಾರಿಗೆ ಏನು ಮಾಡಿದರು ಎಂದು ಎದುರಿನ ಜಾಗದಲ್ಲಿ ತೋರಿಸುವುದಕ್ಕೆ, ಎಡಭಾಗವನ್ನು ಸರಿಯಾಗಿಯೇ ಬಳಸುತ್ತಿದ್ದರು. ಇಂಥವರಿಗೆ ಎಡಗಡೆ ಕುಳಿತವರು ಗಮನಕ್ಕೆ ಬಾರದಿರಬಹುದು. ಎದುರಿಗೋ ಅವರ ಬಲಕ್ಕೋ ಕೂರಿ.

ಬಲಗೈ ಸೋತಿದ್ದರೆ ಎಡಗೈಯಲ್ಲೇ ಮಾತನಾಡಲಿ. ನಿಧಾನವಾದರೆ ಚಿಂತೆಯಿಲ್ಲ. ಚೆನ್ನಾಗಿರುವ ಆ ಕೈಯೂ ಸನ್ನೆಗೆ ಬೇಕಾದ ಆಕಾರ ಬಿಟ್ಟು ಬೇರೆ ಆಕಾರ ಹಿಡಿಯುತ್ತಿದೆಯೇ, ಜಾಗ ತಪ್ಪುತ್ತಿದೆಯೇ ಎಂಬುದೇ ಮುಖ್ಯ. ಹಳೆಯ ವಿಡಿಯೊ, ಮದುವೆ ಕ್ಯಾಸೆಟ್ಟಾದರೂ ಸರಿ, ಪಕ್ಕದಲ್ಲಿಟ್ಟು ಹೋಲಿಸಿ. ಮನೆಯಲ್ಲಷ್ಟೇ ಬಳಕೆಯಲ್ಲಿದ್ದ ಸನ್ನೆಯನ್ನು ತಪ್ಪೆಂದು ಎಣಿಸುವ ಅಪಾಯ ತಪ್ಪುತ್ತದೆ.

ಬರಹಕ್ಕಿಳಿಸಲು ಉಚಿತವಾಗಿ ಸಿಗುವ ಇಲಾನ್ (ELAN) ತಂತ್ರಾಂಶ ಸಾಕು: ಬಲಗೈ, ಎಡಗೈ, ಮುಖ, ಕನ್ನಡ ಅರ್ಥಕ್ಕೆ ಒಂದೊಂದು ಸಾಲು. ಮೂಲ ಫೈಲನ್ನು ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ಕುಗ್ಗಿ ಬೆರಳು ಅಳಿಸಿಹೋಗುತ್ತದೆ. ಪೆನ್‌ಡ್ರೈವ್‌ನಲ್ಲೇ ನರರೋಗ ತಜ್ಞರಿಗೆ, ವಾಕ್ ಚಿಕಿತ್ಸಕರಿಗೆ ಕೊಡಿ.