ನಗುವಿಗೆ ಲ್ಯಾಕ್ಟೋಮೀಟರ್: ನಮ್ಮ ಕಳ್ಳರ ಸಿನಿಮಾ ಎಡಿಟ್ ಆದ ಬಗೆ

ಕಾಮಿಡಿ ಎಡಿಟ್ ಮಾಡುವವರಿಗೆ ಇದು. ರಫ್ ಕಟ್ (ಸಿನಿಮಾದ ಮೊದಲ ಕಚ್ಚಾ ಜೋಡಣೆ) ತೋರಿಸುವಾಗ ಜನರ ನಗು ರೆಕಾರ್ಡ್ ಮಾಡಿ, ಆ ಟ್ರ್ಯಾಕನ್ನು ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನಿನಲ್ಲಿ ಡೈಲಾಗ್ ಕೆಳಗೆ ಹಾಕಿಕೊಂಡು ಕಟ್ ಮಾಡಿ ಅಂತ ಸುಮಾರು ವರ್ಷದಿಂದ ಹೇಳುತ್ತಲೇ ಇದ್ದೆ. ಗಾಂಧಿನಗರದಲ್ಲಿ ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿರಿಯ ಎಡಿಟರ್ ಒಬ್ಬರು, "ನಗು ಏನು ಡೇರಿ ಹಾಲೇನಪ್ಪಾ, ಲ್ಯಾಕ್ಟೋಮೀಟರ್ ಬಿಟ್ಟು ನೋಡೋಕೆ?" ಅಂದರು. ಈಗ ಅವರ ಅಸಿಸ್ಟೆಂಟೇ ನನಗೆ ಫೋನ್ ಮಾಡಿ, "ರೆಕಾರ್ಡರ್ ಎಲ್ಲಿ ಇಡಬೇಕು ಸಾರ್?" ಅಂತ ಕೇಳುತ್ತಾನೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಯಿತು, ಅದಕ್ಕೆ ಬರೆದುಬಿಡೋಣ ಅನಿಸಿತು.

ಸಿನಿಮಾ ದೊಡ್ಡದೇನಲ್ಲ. ತಿಪಟೂರು ಕಡೆಯ ಮೂವರು ಕೆಲಸ ಬಾರದ ಕಳ್ಳರು ಕೊಬ್ಬರಿ ಮಂಡಿ ಸಾಹುಕಾರರ ತಿಜೋರಿ ಕದಿಯುತ್ತಾರೆ. ತೆಗೆಯೋಕೆ ಬರಲ್ಲ. ಹೊತ್ತುಕೊಂಡು ಊರೆಲ್ಲ ಅಲೆಯುತ್ತಾರೆ. ಖರ್ಚು ಎಲ್ಲ ಸೇರಿ 50 ಲಕ್ಷದ ಆಸುಪಾಸು. ಬಡ್ಡಿ ಬೇರೆ, ಅದನ್ನು ಲೆಕ್ಕ ಹಾಕಿದರೆ ನಿದ್ದೆ ಬರಲ್ಲ.

ತಿಜೋರಿಗೇ ಒಂದು ಕಥೆ ಇದೆ. ಗುಜರಿಯಲ್ಲಿ ಅಸಲಿ ಹಳೇ ತಿಜೋರಿ ಸಿಕ್ಕಿತ್ತು. ಇಪ್ಪತ್ತು ಸಾವಿರ ಹೇಳಿದರು, ಆದರೆ ಆರು ಜನ ಸೇರಿದರೂ ಅಲ್ಲಾಡಲಿಲ್ಲ. ಪ್ಲೈವುಡ್‌ನಲ್ಲಿ ಮಾಡಿಸಿದೆವು, ಹದಿನಾಲ್ಕು ಸಾವಿರವೇನೋ ಆಯಿತು. ನಮ್ಮ ನಟ ಅದನ್ನು ಸೂಟ್‌ಕೇಸ್ ಥರ ಎತ್ತಿಕೊಂಡು ಹೊರಟ. ಎಷ್ಟು ನಟಿಸಿದರೂ ಭಾರ ಕಾಣಲಿಲ್ಲ. ಒಳಗೆ ಮೂರು ಮರಳು ಚೀಲ ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ಒಬ್ಬನಿಗೆ ಸೊಂಟ ಹಿಡಿಯಿತು. ಪಾಪ. ಆದರೆ ಆ ನರಳಾಟ ಸಿಂಕ್ ಸೌಂಡಿನಲ್ಲಿ (ಶೂಟಿಂಗ್ ಜಾಗದಲ್ಲೇ ರೆಕಾರ್ಡ್ ಮಾಡುವ ಸದ್ದು) ಎಷ್ಟು ಚೆನ್ನಾಗಿ ಬಂತು ಅಂದರೆ, ಡಬ್ಬಿಂಗ್ ಥಿಯೇಟರಿನಲ್ಲಿ ದಿನವಿಡೀ ಕೂರಿಸಿದ್ದರೂ ಸಿಗುತ್ತಿರಲಿಲ್ಲ.

ನಗು ಅಳೆಯುವ ಹುಚ್ಚು ಹತ್ತಿದ್ದು ಶಿರಸಿಯಲ್ಲಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಕಂಪನಿ ನಾಟಕದವರು ಬಂದು ಟೆಂಟ್ ಹಾಕುತ್ತಾರಲ್ಲ, ಅಲ್ಲಿನ ಹಾಸ್ಯ ನಟರನ್ನು ಗಮನಿಸಿ. ಮಾತು ಬಿಟ್ಟ ಮೇಲೆ ಟವೆಲ್ ಕೊಡವುತ್ತಾ ನಿಂತಿರುತ್ತಾರೆ. ನಗು ಏರುತ್ತದೆ, ಇಳಿಯುತ್ತದೆ. ಪೂರ್ತಿ ಇಳಿಯೋಕೆ ಬಿಡಲ್ಲ, ಮುಕ್ಕಾಲು ಇಳಿದಾಗ ಮುಂದಿನ ಮಾತು ಎಸೆಯುತ್ತಾರೆ. ಸಿನಿಮಾದ ನಟನಿಗೆ ಹಾಗೆ ಕಾಯೋಕಾಗಲ್ಲ. ಅವನ ಪರವಾಗಿ ಎಡಿಟರೇ ಮೊದಲೇ ಕಾದಿರಬೇಕು. ಎಷ್ಟು ಹೊತ್ತು ಅಂತ ಎಡಿಟಿಂಗ್ ರೂಮಿನಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು? ಅದೇ ಜೋಕನ್ನು ಅವನು ಇನ್ನೂರು ಸಲ ನೋಡಿರುತ್ತಾನೆ.

ಮೊದಲ ಶೋ ಬೆಂಗಳೂರಿನ ಒಂದು ಪ್ರಿವ್ಯೂ ಥಿಯೇಟರಿನಲ್ಲಿ ಇಟ್ಟೆವು. ಬಾಡಿಗೆ, ಕಾಫಿ, ವಡೆ ಸೇರಿ ಹತ್ತು ಸಾವಿರ ದಾಟಿತು. ಬಂದವರೆಲ್ಲ ನಮ್ಮವರೇ. ಟೈಟಲ್ ಕಾರ್ಡಿಗೂ ನಕ್ಕರು! ಆ ರೆಕಾರ್ಡಿಂಗ್ ಡಿಲೀಟ್ ಮಾಡಿದೆ. ಪ್ರೊಡ್ಯೂಸರ್ ಮಾತ್ರ ಅವತ್ತು ಬಹಳ ಖುಷಿಯಾಗಿದ್ದರು.

ಆಮೇಲೆ ತಿಪಟೂರಿಗೆ ಹೋದೆವು. ಸಮುದಾಯ ಭವನ, ಬಾಡಿಗೆ ಪ್ರೊಜೆಕ್ಟರ್, ಪ್ಲಾಸ್ಟಿಕ್ ಕುರ್ಚಿ. ಮಂಡಿಯ ಹಮಾಲರು, ಕಾಲೇಜು ಹುಡುಗರು, ಸ್ತ್ರೀಶಕ್ತಿ ಸಂಘದವರು, ಎಲ್ಲ ಸೇರಿ ಅರವತ್ತು ಜನ ಇರಬಹುದು. ಒಂದು ಶೋಗೆ ಆರೇಳು ಸಾವಿರದಲ್ಲಿ ಮುಗಿಯುತ್ತದೆ. ಬಂದವರಿಗೆ ಮಂಡಕ್ಕಿ, ಮಿರ್ಚಿ ಕೊಟ್ಟೆವು. ಮನೆಗೆ ಬಂದು ಹೆಡ್‌ಫೋನ್ ಹಾಕಿದರೆ ಬರೀ ಕರುಂ ಕುರುಂ. ತಿಂಡಿ ಏನಿದ್ದರೂ ಸಿನಿಮಾ ಮುಗಿದ ಮೇಲೆ ಕೊಡಿ.

ರೆಕಾರ್ಡರ್ ನನ್ನದು ಜೂಮ್ ಕಂಪನಿಯ ಹಳೇದು. ಮಧ್ಯದಲ್ಲಿ ಇಟ್ಟರೆ ಸ್ಪೀಕರಿನ ಸದ್ದೇ ಜಾಸ್ತಿ, ನಗು ಅದರಡಿ ಹೂತುಹೋಗುತ್ತದೆ. ಸಿನಿಮಾದ ಸೌಂಡ್ ನಮ್ಮ ಹತ್ತಿರ ಹೇಗೂ ಇದೆಯಲ್ಲ, ಅದರ ಅಲೆಯನ್ನು ತಲೆಕೆಳಗು ಮಾಡಿ (ಫೇಸ್ ತಿರುಗಿಸುವುದು ಅಂತಾರೆ) ಕಳೆದುಬಿಟ್ಟರೆ ಬರೀ ನಗು ಉಳಿಯುತ್ತದೆ ಅಂತ ಒಂದು ವಾರ ಗುದ್ದಾಡಿದೆ. ಆಗಲ್ಲ. ಹಾಲ್‌ನ ಎಕೋ ಸೇರಿ ಬಂದಿರುವ ಸದ್ದು ಒರಿಜಿನಲ್‌ಗೆ ಹೊಂದುವುದೇ ಇಲ್ಲ. ಕೊನೆಗೆ ಕೈ ಹಿಡಿದದ್ದು ಸುಲಭದ ದಾರಿ: ಮುಂದಿನ ಸಾಲಿನ ಕುರ್ಚಿ ಕೆಳಗೆ ಬೆಡ್‌ಶೀಟ್ ಮಡಚಿಟ್ಟು ಅದರ ಮೇಲೆ ರೆಕಾರ್ಡರ್. ಮುಖ ಜನರ ಕಡೆ, ಬೆನ್ನು ಸ್ಪೀಕರ್ ಕಡೆ. ವಾಲ್ಯೂಮ್ ಸ್ವಲ್ಪ ಕಮ್ಮಿ.

ನಗುವಿನ ಟ್ರ್ಯಾಕನ್ನು ಸಿನಿಮಾಗೆ ಹೊಂದಿಸೋಕೆ ಒಂದು ಬೀಪ್ ಶುರುವಿನಲ್ಲೂ ಹಾಕಿ, ಕೊನೆಯಲ್ಲೂ ಹಾಕಿ. ಲ್ಯಾಪ್‌ಟಾಪಿನ ಗಡಿಯಾರಕ್ಕೂ ರೆಕಾರ್ಡರಿನ ಗಡಿಯಾರಕ್ಕೂ ಸರಿಬರಲ್ಲ. ಎರಡು ಗಂಟೆಯ ಕೊನೆಗೆ ನನಗೆ ಆರೇಳು ಫ್ರೇಮ್ ಜಾರಿತ್ತು. 24 ಫ್ರೇಮಿಗೆ ಒಂದು ಸೆಕೆಂಡ್ ಅಂದರೆ ಅದು ಕಾಲು ಸೆಕೆಂಡ್. ಅಳುವ ಸೀನಿಗೆ ಪರವಾಗಿಲ್ಲ, ಕಾಮಿಡಿಗೆ ಜಾಸ್ತಿಯೇ.

ಇದರಿಂದ ಏನು ಸಿಕ್ಕಿತು ಅನ್ನೋದಕ್ಕೆ ಒಂದು ಸೀನ್ ಹೇಳುತ್ತೇನೆ. ಕಳ್ಳರು ಹಿತ್ತಿಲ ಬಾಗಿಲಿನಿಂದ ಸಾಹುಕಾರರ ಮನೆಗೆ ನುಗ್ಗುತ್ತಾರೆ. ಮೂರನೆಯವನು ಅಭ್ಯಾಸಬಲದಿಂದ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಾನೆ. ಬಿಟ್ಟು, ಕಾಲ್ಬೆರಳಿನಿಂದ ಜೋಡಿ ನೇರ ಮಾಡುತ್ತಾನೆ. ನಾವು ತಕ್ಷಣ ಲೀಡರ್ ಮುಖಕ್ಕೆ ಕಟ್ ಮಾಡಿ ಡೈಲಾಗ್ ಇಟ್ಟಿದ್ದೆವು: "ಮದುವೆ ಊಟಕ್ಕೆ ಬಂದಿದೀಯೇನೋ?" ಬರೆದವರಿಗೆ ಆ ಮಾತಿನ ಮೇಲೆ ಪ್ರಾಣ. ವೇವ್‌ಫಾರ್ಮ್ (ಸದ್ದಿನ ಏರಿಳಿತದ ಗೆರೆ) ನೋಡಿದರೆ ನಗು ಎದ್ದಿರುವುದು ಕಾಲ್ಬೆರಳಿನ ಹತ್ತಿರ! ಡೈಲಾಗ್ ಆ ನಗುವಿನಲ್ಲಿ ಮುಳುಗಿ ಯಾರಿಗೂ ಕೇಳಿಸಿಯೇ ಇಲ್ಲ. ಮುಖಕ್ಕೆ ಕಟ್ ಆದ ಕೂಡಲೇ ನಗು ಕತ್ತರಿಸಿದ ಹಾಗೆ ನಿಂತಿದೆ. ಡೈಲಾಗ್ ಕಿತ್ತುಹಾಕಿದೆ, ವೈಡ್ ಶಾಟ್ ಹಾಗೇ ಉಳಿಸಿದೆ. ಟೇಕಿನ ಬಾಲದಲ್ಲಿ, ಕಟ್ ಹೇಳುವ ಮೊದಲು, ಲೀಡರ್ ಪಾತ್ರದವರು ಕೆಳಗೆ ನೋಡಿ ಸುಮ್ನೆ ತಮ್ಮ ಚಪ್ಪಲಿಯನ್ನೂ ಬಿಟ್ಟಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ನೀನಾಸಂ ತಿರುಗಾಟದಲ್ಲಿ ಪಳಗಿದ ಕಾಲು ಅದು. ಮೊದಲ ನಗುವಿಗೆ ಎಪ್ಪತ್ತು ಫ್ರೇಮ್ (ಮೂರು ಸೆಕೆಂಡಿನ ಹತ್ತಿರ) ಜಾಗ ಬಿಟ್ಟು ಅದನ್ನು ಸೇರಿಸಿದೆ. ಮುಂದಿನ ಶೋ ಅರಸೀಕೆರೆಯಲ್ಲಿ. ಒಂದೇ ಜಾಗದಲ್ಲಿ ಎರಡು ನಗು, ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು. ಬರೆದವರು ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡಲ್ಲ.

ಪ್ರೊಡ್ಯೂಸರ್ ಜೊತೆ ಜಗಳ ಆದದ್ದು ಮ್ಯೂಸಿಕ್ ವಿಷಯಕ್ಕೆ. ಜೋಕು ಬಂದಲ್ಲೆಲ್ಲ 'ಟೊಂಯ್' ಅನ್ನಿಸಬೇಕು ಅಂತ ಅವರ ಆಸೆ. ಒಂದೇ ರೀಲನ್ನು ಟೊಂಯ್ ಹಾಕಿ ಒಂದೂರಲ್ಲಿ, ಹಾಕದೆ ಇನ್ನೊಂದೂರಲ್ಲಿ ತೋರಿಸಿ, ಎರಡು ಟ್ರ್ಯಾಕನ್ನೂ ಅವರ ಮುಂದೆ ಇಟ್ಟೆ. ಟೊಂಯ್ ಇದ್ದಲ್ಲಿ ನಗು ಬೇಗ ಎದ್ದು ಬೇಗ ಸತ್ತಿತ್ತು. ಊರು ಬೇರೆ, ಜನ ಬೇರೆ, ಪಕ್ಕಾ ಪರೀಕ್ಷೆ ಅನ್ನೋಕಾಗಲ್ಲ. ಆದರೂ ಅವರು ಒಪ್ಪಿದರು. 1958ರಲ್ಲಿ ಇಟಲಿಯ ಮಾರಿಯೊ ಮೊನಿಚೆಲ್ಲಿ ಮಾಡಿದ ಕಳ್ಳರ ಸಿನಿಮಾ ಇದೆಯಲ್ಲ, ತಪ್ಪು ಗೋಡೆ ಒಡೆದು ಅಡುಗೆಮನೆ ಸೇರಿ, ಕಡಲೆಕಾಳಿನ ಪಾಸ್ತಾ ತಿಂದು ಬರುತ್ತಾರಲ್ಲ, ಅದನ್ನೂ ತೋರಿಸಿದ್ದೆ. ಅದರಲ್ಲಿ ಪಿಯೆರೊ ಉಮಿಲಿಯಾನಿಯ ಜಾಜ್ ಸಂಗೀತ ತನ್ನ ಪಾಡಿಗೆ ತಾನು ನಡೆಯುತ್ತದೆ, ಜೋಕಿಗೆ ಬೆರಳು ತೋರಿಸಲ್ಲ. ನಮ್ಮ ಸಿನಿಮಾದಲ್ಲಿ ಅಜ್ಜಿ ಕಳ್ಳರನ್ನು ಕರೆಂಟ್ ರಿಪೇರಿಯವರು ಅಂದುಕೊಂಡು ಉಪ್ಪಿಟ್ಟು ಬಡಿಸುವುದಕ್ಕೂ ಅದೇ ಸ್ಫೂರ್ತಿ. ಕದ್ದದ್ದು ಅಂತ ಇಬ್ಬರು ವಿಮರ್ಶಕರು ಬರೆದರು. ಕಳ್ಳರ ಸಿನಿಮಾ ಅಲ್ವಾ, ನಡೆಯುತ್ತೆ.

ಈ ಉಪ್ಪಿಟ್ಟಿನ ಸೀನಿನಲ್ಲೇ ನನ್ನ ವಿಧಾನ ಮುಗ್ಗರಿಸಿತು. ಟ್ರ್ಯಾಕ್‌ನಲ್ಲಿ ಏನೂ ಇಲ್ಲ. ಜನ ಮೈಮರೆತಿದ್ದಾರೋ ಬೇಜಾರಾಗಿದ್ದಾರೋ ಹೇಗೆ ಹೇಳುವುದು? ನಗು ಬಿಟ್ಟು ಉಳಿದದ್ದನ್ನು ಕೇಳೋಣ ಅಂತ ರೆಕಾರ್ಡಿಂಗಿನ ಗೇನ್, ಅಂದರೆ ಸದ್ದಿನ ಮಟ್ಟ, ಏರಿಸಿದೆ. ಆಗ ಕೇಳಿಸಿದ್ದು ಪ್ಲಾಸ್ಟಿಕ್ ಕುರ್ಚಿ. ಬೇಜಾರಾದವನು ಸುಮ್ಮನೆ ಕೂರಲ್ಲ, ಕೆಮ್ಮುತ್ತಾನೆ, ಪಕ್ಕಕ್ಕೆ ವಾಲುತ್ತಾನೆ, ಕುರ್ಚಿ ಕಿರುಗುಟ್ಟುತ್ತದೆ. ಅಜ್ಜಿ ಎರಡನೇ ಸಲ ಬಡಿಸುವವರೆಗೂ ಒಂದು ಕುರ್ಚಿಯೂ ಸದ್ದು ಮಾಡಿರಲಿಲ್ಲ. ಸೆಕೆಂಡ್ ಹಾಫ್‌ನ ಇನ್ಸ್‌ಪೆಕ್ಟರ್ ಸೀನುಗಳಲ್ಲಿ ಮಾತ್ರ ಕುರ್ಚಿ ಅಂಗಡಿಯೇ ಎದ್ದು ಕುಣಿದ ಹಾಗಿತ್ತು. ಅಲ್ಲಿ ಹತ್ತು ಹನ್ನೊಂದು ನಿಮಿಷ ಹಾರಿಸಿದೆ. ಅದಾದ ಮೇಲಿನ ಹಾಡನ್ನೂ ತೆಗೆಯಬೇಕಿತ್ತು, ಆದರೆ ಆಡಿಯೋ ಹಕ್ಕು ಮಾರಿ ದುಡ್ಡು ಖರ್ಚೂ ಆಗಿತ್ತು. ಇಂಟರ್‌ವಲ್ ಆದಮೇಲೆ ಸಿನಿಮಾ ಎಳೆಯುತ್ತದೆ ಅಂತ ನೋಡಿದವರೆಲ್ಲ ಹೇಳಿದ್ದು ನಿಜ. ಕುರ್ಚಿಗಳು ಅದನ್ನು ಆರು ತಿಂಗಳ ಮೊದಲೇ ಹೇಳಿದ್ದವು.

ನಾಯಿಯ ವಿಷಯ ಬಿಟ್ಟೆ. ಕಥೆಯಲ್ಲಿ ಬೀದಿನಾಯಿ ಒಂದಿತ್ತು. ಪ್ರಾಣಿ ತೋರಿಸಬೇಕೆಂದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಬೇಕು, ನಮಗೆ ಅಷ್ಟು ಟೈಮ್ ಇರಲಿಲ್ಲ. ನಾಯಿಯನ್ನು ಫ್ರೇಮಿನ ಆಚೆ ಬರೀ ಬೊಗಳಿಸಿದೆವು, ಅದೂ ನಮ್ಮ ಮೇಕಪ್‌ನವನ ಗಂಟಲಿನಲ್ಲಿ. ಕಾಣದ ನಾಯಿಗೆ ಹೆದರುವ ಕಳ್ಳನಿಗೆ ಎಲ್ಲ ಊರಲ್ಲೂ ನಗು ಬಿತ್ತು. ಸೆನ್ಸಾರ್‌ನಲ್ಲಿ ಒಂದು ಬೈಗುಳ ಮ್ಯೂಟ್ ಆಯಿತು. ಅದಾದ ಮೇಲೆ ಆ ಜಾಗದ ನಗು ಇನ್ನೂ ಜಾಸ್ತಿಯಾಯಿತು. ಜನ ತಮಗೆ ಗೊತ್ತಿರುವುದನ್ನು ತುಂಬಿಕೊಳ್ಳುತ್ತಾರೆ.

ರಿಲೀಸ್ ದಿನ ಜೇಬಿನಲ್ಲಿ ರೆಕಾರ್ಡರ್ ಇಲ್ಲದೆ, ನಗು ಬೀಳಬೇಕಾದ ಜಾಗಗಳ ಪಟ್ಟಿ ಹಿಡಿದು ತುಮಕೂರಿನಲ್ಲಿ ಕೂತಿದ್ದೆ. ಹತ್ತರಲ್ಲಿ ಎಂಟು ಕಡೆ ಬಿತ್ತು. ಹಾಕಿದ ದುಡ್ಡಿನಲ್ಲಿ ಮುಕ್ಕಾಲು ಪಾಲು ಬಂದಿದೆ, ಉಳಿದದ್ದು ಡಬ್ಬಿಂಗ್ ಹಕ್ಕಿನಿಂದ ಬರಬಹುದು. ನಗು ಅಳೆಯುವುದಕ್ಕೆ ಖರ್ಚಾದದ್ದು ಒಟ್ಟು 40 ಸಾವಿರದ ಒಳಗೆ. ಆ ಹಾಡಿನ ಒಂದು ದಿನದ ಡ್ಯಾನ್ಸರ್ ಬಿಲ್ಲು ಇದಕ್ಕಿಂತ ದೊಡ್ಡದು.

ಪಕ್ಕದವರನ್ನು ನೋಡಿ ನಗುವವರ ನಗುವನ್ನೂ ನಿಜವಾದ ನಗುವನ್ನೂ ಬೇರೆ ಮಾಡೋಕೆ ನನ್ನ ಹತ್ತಿರ ಒಂದು ದಾರಿ ಇದೆ. ಜನರನ್ನು ಕೂರಿಸುವ ಕ್ರಮದಲ್ಲಿದೆ ಅಂತ ಮಾತ್ರ ಹೇಳಬಲ್ಲೆ. ಇನ್ನೂ ಎರಡು ಸಿನಿಮಾದ ಎಡಿಟಿಂಗ್ ಅಡ್ವಾನ್ಸ್ ತಗೊಂಡಿದ್ದೇನೆ, ಅವು ಮುಗಿಯಲಿ, ಆಮೇಲೆ ನೋಡೋಣ.