ಗಣಿತ ತಪ್ಪಿಸಿಕೊಳ್ಳೋಣ ಅಂತ ಬಯೋಮೆಡಿಕಲ್‌ಗೆ ಹೋದೆ

ಅಜ್ಜಿ ಆಸ್ಪತ್ರೆ ಸೇರಿದಾಗ ನನಗೆ 16 ವರ್ಷ. ಅವರ ಬೆರಳಿಗೆ ಬಟ್ಟೆ ಕ್ಲಿಪ್ಪಿನಂಥದ್ದೊಂದು ಸಿಕ್ಕಿಸಿದ್ದರು. 97 ಅಂತಿದ್ದ ಸಂಖ್ಯೆ ಇದ್ದಕ್ಕಿದ್ದಂತೆ 84ಕ್ಕೆ ಇಳಿಯಿತು. ನನ್ನ ಎದೆ ಝಲ್ಲೆಂದಿತು. ನರ್ಸ್ ಬಂದು ಅಜ್ಜಿಯ ಕೈ ಉಜ್ಜಿ ಬೆಚ್ಚಗೆ ಮಾಡಿ, ಕ್ಲಿಪ್ಪನ್ನು ಬೇರೆ ಬೆರಳಿಗೆ ಹಾಕಿದರು. ಮತ್ತೆ 97. ‘ಕೈ ತಣ್ಣಗಿತ್ತು ಅಷ್ಟೇ’ ಅಂತ ಹೇಳಿ ಹೋದರು.

ಅದು ಪಲ್ಸ್ ಆಕ್ಸಿಮೀಟರ್, ಆ ಸಂಖ್ಯೆ ರಕ್ತದಲ್ಲಿನ ಆಕ್ಸಿಜನ್ನಿನ ಶೇಕಡಾ ಪ್ರಮಾಣ. ಸೂಜಿ ಚುಚ್ಚದೆ ಅದು ಬಂತಾದರೂ ಹೇಗೆ? ಹುಡುಕಿ ಓದಿದೆ. ಕ್ಲಿಪ್ಪಿನೊಳಗೆ ಎರಡು ಬೆಳಕು ಇರುತ್ತವೆ. ಒಂದು ಕೆಂಪು, ಸುಮಾರು 660 ನ್ಯಾನೋಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಸುಮಾರು 940. ಆಕ್ಸಿಜನ್ ಹೊತ್ತ ರಕ್ತ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಇನ್‌ಫ್ರಾರೆಡ್ಡನ್ನು ಜಾಸ್ತಿ. ಆಕ್ಸಿಜನ್ ಇಲ್ಲದ್ದು ಇದಕ್ಕೆ ಉಲ್ಟಾ. ಆ ಎರಡರ ಅನುಪಾತದಿಂದ ಸಂಖ್ಯೆ ಬರುತ್ತದೆ. ಎಷ್ಟು ಸರಳ ಅಲ್ವಾ ಅನ್ನಿಸಿತು. ಇಂಥ ಯಂತ್ರಗಳ ಬಗ್ಗೆ ಕಲಿಸುವ ಬಯೋಮೆಡಿಕಲ್ ಎಂಜಿನಿಯರಿಂಗನ್ನೇ ಓದಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಇನ್ನೊಂದು ಕಾರಣವೂ ಇತ್ತು, ಹೇಳಿಬಿಡುತ್ತೇನೆ. ನನಗೆ ಗಣಿತ ಅಂದರೆ ಭಯ. ಬಯೋ ಅಂತ ಹೆಸರಲ್ಲೇ ಇದೆಯಲ್ಲ, ಗಣಿತ ಸ್ವಲ್ಪ ಕಡಿಮೆ ಇರಬಹುದು ಅಂದುಕೊಂಡೆ. ಮೊದಲ ವರ್ಷ ಹೃದಯವೂ ಇಲ್ಲ, ಶ್ವಾಸಕೋಶವೂ ಇಲ್ಲ. ಕ್ಯಾಲ್ಕುಲಸ್, ಸರ್ಕ್ಯೂಟ್, ಪ್ರೋಗ್ರಾಮಿಂಗ್, ಮತ್ತೆ ಕ್ಯಾಲ್ಕುಲಸ್. ಒಂದು ಪೇಪರ್ ಫೇಲೂ ಆದೆ.

ತಿರುವು ಬಂದಿದ್ದು ಇಸಿಜಿ ಲ್ಯಾಬಿನಲ್ಲಿ. ಚಿಕ್ಕ ಆಂಪ್ಲಿಫೈಯರ್ ಕಟ್ಟಿ ನಮ್ಮದೇ ಹೃದಯದ ಬಡಿತ ತೆರೆಯ ಮೇಲೆ ನೋಡಬೇಕಿತ್ತು. ಬ್ಯಾಟರಿಯಲ್ಲೇ ನಡೆಸಬೇಕು ಅಂತ ಕಟ್ಟುನಿಟ್ಟು. ಗೋಡೆಯ ಕರೆಂಟಿಗೂ ಮೈಗೂ ನಡುವೆ ನಾವೇ ಕಟ್ಟಿದ ಸರ್ಕ್ಯೂಟ್ ಇರಕೂಡದು. ಇದನ್ನು ಓದಿ ಯಾರಾದರೂ ಮನೆಯಲ್ಲಿ ಮಾಡಿ ನೋಡುವುದಾದರೆ ಈ ಮಾತು ಮರೆಯಬೇಡಿ.

ಎಲೆಕ್ಟ್ರೋಡ್ ಅಂಟಿಸಿಕೊಂಡು ಕೂತೆ. ತೆರೆಯ ಮೇಲೆ ಹೃದಯ ಇಲ್ಲ, ಬರೀ ದಪ್ಪ ಅಲೆ. ಅದು ಸುತ್ತಲ ವೈರಿಂಗಿನಿಂದ ಮೈಗೆ ಹತ್ತಿದ 50 ಹರ್ಟ್ಸ್ ಗದ್ದಲ. ಎದೆಯ ಮೇಲೆ ಸಿಗುವ ಇಸಿಜಿ ಹೆಚ್ಚೆಂದರೆ ಒಂದೆರಡು ಮಿಲಿವೋಲ್ಟ್. ಅದು ಈ ಗದ್ದಲದಲ್ಲಿ ಮುಳುಗಿತ್ತು. ಎರಡು ಎಲೆಕ್ಟ್ರೋಡಿಗೂ ಒಂದೇ ಥರ ಬರುವುದನ್ನು ಕಳೆದು, ವ್ಯತ್ಯಾಸವನ್ನಷ್ಟೇ ದೊಡ್ಡದು ಮಾಡಬೇಕು. ಉಳಿದ ಗದ್ದಲವನ್ನು ಉಲ್ಟಾ ಮಾಡಿ ಬಲಗಾಲಿನ ಮೂಲಕ ಮೈಗೇ ವಾಪಸ್ ಕೊಟ್ಟರೆ ಅದು ಇನ್ನೂ ತಗ್ಗುತ್ತದೆ. ನನ್ನ ಬಲಗಾಲಿನ ವೈರ್ ಬಿಟ್ಟುಹೋಗಿತ್ತು. ಸಿಕ್ಕಿಸಿದೆ. ಅಲೆ ಕುಗ್ಗಿತು, ಅದರೊಳಗಿಂದ ಚೂಪಾದ ಶಿಖರಗಳು ಎದ್ದವು. ನನ್ನದೇ ಹೃದಯ! ಅಲೆಯನ್ನು ಬೇರೆ ಬೇರೆ ಆವರ್ತನಗಳಾಗಿ ಬಿಡಿಸುವ ಫೂರಿಯೇ ಗಣಿತದ ಪಾಠ ಯಾಕೆ ಓದಿಸುತ್ತಿದ್ದಾರೆ ಅಂತ ಆ ಸಂಜೆ ಗೊತ್ತಾಯಿತು. ಫೇಲಾದ ಪೇಪರನ್ನು ಈ ಸಲ ಬೈಕೊಳ್ಳದೆ ಓದಿದೆ.

ಅದೇ ವರ್ಷ, ಅಜ್ಜಿಯ ಬೆರಳಿನ ಕ್ಲಿಪ್ಪಿನ ಹಿಂದಿನ ತತ್ವ ಕಂಡುಹಿಡಿದ ಜಪಾನಿನ ಎಂಜಿನಿಯರ್ ಟಕುಓ ಅಓಯಾಗಿ ಬಗ್ಗೆ ಓದಿದೆ. 1970ರ ದಶಕದ ಆರಂಭದಲ್ಲಿ ಅವರು ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಅಂತ ಅಳೆಯಲು ಹೊರಟಿದ್ದರು. ನಾಡಿಯ ಏರಿಳಿತ ಅಡ್ಡ ಬರುತ್ತಿತ್ತು. ಅದನ್ನು ಅಳಿಸಲು ಹೋದಾಗ, ಆಕ್ಸಿಜನ್ ಬದಲಾದರೆ ಲೆಕ್ಕ ತಪ್ಪುತ್ತದೆ ಅಂತ ಕಂಡರು. ಹಾಗಾದರೆ ಆ ಕಾಟದಿಂದಲೇ ಆಕ್ಸಿಜನ್ ಅಳೆಯಬಹುದಲ್ಲ! ಬೆಳಕಿನಲ್ಲಿ ನಾಡಿಯ ಜೊತೆ ಏರಿಳಿಯುವ ಭಾಗವನ್ನಷ್ಟೇ ತೆಗೆದುಕೊಂಡರೆ ಅದು ಅಪಧಮನಿಯ ರಕ್ತದ್ದು. ಚರ್ಮ, ಮೂಳೆ, ಉಗುರು ಲೆಕ್ಕಕ್ಕೆ ಬರುವುದಿಲ್ಲ. ಅಜ್ಜಿಯ ಬೆರಳಿನ ಕಥೆಯೂ ಇಲ್ಲೇ ಬಿಡಿಸಿಕೊಂಡಿತು. ಚಳಿಗೆ ಬೆರಳಿನ ರಕ್ತನಾಳ ಬಿಗಿಯುತ್ತದೆ, ಬಡಿತ ಕ್ಷೀಣವಾಗುತ್ತದೆ, ಸರಿಯಾಗಿ ಅಳೆಯುವಷ್ಟು ಸಿಗ್ನಲ್ ಉಳಿಯುವುದಿಲ್ಲ, ಸಂಖ್ಯೆ ತಪ್ಪುತ್ತದೆ.

ಅನಾಟಮಿ, ಬಯೋಮೆಟೀರಿಯಲ್ಸ್ ಎಲ್ಲ ಆಮೇಲೆ ಬಂದವು. ಮೂಳೆಗಳ ಹೆಸರು ಬಾಯಿಪಾಠ ಮಾಡಿದ್ದು ಬಿಟ್ಟರೆ ಹೇಳುವಂಥದ್ದೇನಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಹೊಸ ಯಂತ್ರ ಮಾಡಲಿಲ್ಲ. ಸಿಗ್ನಲ್ ಕೆಟ್ಟಿದ್ದರೆ ಸಂಖ್ಯೆ ತೋರಿಸದಿರುವ ಪ್ರೋಗ್ರಾಂ ಬರೆದೆ. ಗೈಡ್‌ಗೆ ಮೊದಲು ಇದು ತೀರಾ ಸಣ್ಣದು ಅನ್ನಿಸಿತ್ತು. ನನಗೆ ಹಾಗನ್ನಿಸಲಿಲ್ಲ, 84 ನೋಡಿ ಬೆವೆತವನು ನಾನು. ಡೆಮೋ ದಿನ ಐಸ್ ನೀರಿನಲ್ಲಿ ಕೈ ಅದ್ದಿ, ಒರೆಸಿ, ಕ್ಲಿಪ್ ಹಾಕಿಕೊಂಡೆ. ತೆರೆಯ ಮೇಲಿನ ಅಲೆ ಸಣ್ಣದಾಗುತ್ತಾ ಬಂತು. ಆಮೇಲೆ ಸಂಖ್ಯೆಯ ಜಾಗದಲ್ಲಿ ಎರಡು ಅಡ್ಡಗೆರೆ ಬಂದವು, ಅಷ್ಟೇ. ಗೈಡ್ ತಮ್ಮ ಕೈಯನ್ನೂ ನೀರಿಗೆ ಅದ್ದಿದರು.